ಅಗ್ಗದ ರೋಡ್ ಸೈಕಲ್ಲಿಗೆ ಹೊಸ ಶಿಫ್ಟರ್

ಕೆಳಹಂತದ ರೋಡ್ ಸೈಕಲ್ಲುಗಳಲ್ಲಿ ಕಂಪನಿಗಳು ಹಣ ಉಳಿಸುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಜಾಗಗಳಲ್ಲಿ: ಹಬ್ಬಿನ ಒಳಗೆ, ಕೇಬಲ್ಲಿನ ಹೊರಕವಚವಾದ ಔಟರಿನಲ್ಲಿ, ಬ್ರೇಕ್ ಪ್ಯಾಡಿನ ರಬ್ಬರಿನಲ್ಲಿ. ಶಿಫ್ಟರ್ ಮಾತ್ರ ಸದಾ ಕಣ್ಣೆದುರಿಗೇ ಇರುತ್ತದೆ, ಬೆರಳಿಗೆ ತಾಗುತ್ತಲೇ ಇರುತ್ತದೆ. ಹಾಗಾಗಿ ಸೈಕಲ್ಲಿನ ಮೇಲಿನ ಸಿಟ್ಟೆಲ್ಲ ಅದರತ್ತಲೇ ತಿರುಗುತ್ತದೆ. ಗೇರು ಕರಕರ ಎಂದರೆ ಶಿಫ್ಟರ್ ಸರಿಯಿಲ್ಲ, ಏರಿನಲ್ಲಿ ಉಸಿರು ಕಟ್ಟಿದರೆ ಗೇರು ಸಾಲದು, ಜೊತೆಯವರು ಮುಂದೆ ಹೋದರೆ ಅವರದು 9 ಸ್ಪೀಡು, ನಮ್ಮದು 7. ಅಲ್ಲಿಂದ ಮುಂದಿನ ಹೆಜ್ಜೆ ಅಂಗಡಿಗೆ ಹೋಗಿ ಬೆಲೆ ವಿಚಾರಿಸುವುದು. ಕೈಯಲ್ಲಿ ಕಡಿಮೆ ಹಣ ಇಟ್ಟುಕೊಂಡು ಶಿಫ್ಟರ್ ಬದಲಿಸುವ ಈ ರೂಢಿಯನ್ನು ಮೆಚ್ಚುವವರೂ ಇದ್ದಾರೆ, ಅಗ್ಗದ ಸೈಕಲ್ಲಿಗೆ ಒಂದು ಪೈಸೆಯೂ ಸುರಿಯಬಾರದು ಎನ್ನುವವರೂ ಇದ್ದಾರೆ. ತೂಗಿ ನೋಡಿದರೆ ಇಬ್ಬರೂ ಅರ್ಧ ಸರಿ. ಹೊಸ ಶಿಫ್ಟರ್ ಸವಾರನ ಕೈಯನ್ನು ಬ್ರೇಕಿನ ಬಳಿಯೇ ಉಳಿಸುವುದಾದರೆ ಆ ಖರ್ಚು ಸಾರ್ಥಕ. ಹಿಂದಿನ ಗೇರು ಒಂದು ಹೆಚ್ಚಲಿ ಎಂಬ ಆಸೆಗೆ ಮಾಡಿದರೆ ಬಹುಮಟ್ಟಿಗೆ ದಂಡ.

ಮೊದಲು ಕೈಯ ವಿಚಾರ. ತೀರಾ ಅಗ್ಗದ ಡ್ರಾಪ್ ಹ್ಯಾಂಡಲ್ ಸೈಕಲ್ಲುಗಳಲ್ಲಿ ಶಿಮಾನೋ ಟೂರ್ನಿ ಎ050 ಎಂಬ ಪುಟ್ಟ ಲಿವರ್ ಇರುತ್ತದೆ. ಅದು ಹ್ಯಾಂಡಲ್ಲಿನ ನಡುವೆ, ಸ್ಟೆಮ್ಮಿನ ಪಕ್ಕದಲ್ಲಿ ಕೂತಿರುತ್ತದೆ. ಬ್ರೇಕ್ ಲಿವರಾದರೋ ಹ್ಯಾಂಡಲ್ಲಿನ ಬಾಗಿನಲ್ಲಿ, ಸವಾರರು ಹುಡ್ ಎನ್ನುವ ರಬ್ಬರ್ ಹೊದಿಕೆಯ ಜಾಗದಲ್ಲಿ. ಗೇರು ಬದಲಿಸಬೇಕಾದಾಗಲೆಲ್ಲ ಕೈ ಹುಡ್ ಬಿಟ್ಟು ನಡುವಿಗೆ ಬರಬೇಕು, ಮತ್ತೆ ಹೋಗಬೇಕು. ಖಾಲಿ ಹೆದ್ದಾರಿಯಲ್ಲಿ ಇದೊಂದು ಸಣ್ಣ ಕಿರಿಕಿರಿ, ಅಷ್ಟೇ. ಬೆಂಗಳೂರಿನಂಥ ಊರಿನಲ್ಲಿ ಕಥೆ ಬೇರೆ. ಬಣ್ಣ ಮಾಸಿದ ಹಂಪು ಹತ್ತಿರ ಬಂದ ಮೇಲಷ್ಟೇ ಕಾಣುತ್ತದೆ, ಎಡಗಡೆಯಿಂದ ಆಟೋ ನುಗ್ಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಗೇರು ಇಳಿಸಬೇಕಾದ ಗಳಿಗೆಯೂ ಬ್ರೇಕು ಹಿಡಿಯಬೇಕಾದ ಗಳಿಗೆಯೂ ಒಂದೇ. ಆಗ ಸವಾರ ಬುದ್ಧಿವಂತನಾದರೆ ಬ್ರೇಕನ್ನೇ ಆರಿಸಿಕೊಳ್ಳುತ್ತಾನೆ, ಗೇರು ಭಾರವಾಗಿಯೇ ಉಳಿಯುತ್ತದೆ, ಮತ್ತೆ ಹೊರಡುವಾಗ ಮೊಣಕಾಲು ನರಳುತ್ತದೆ. ಅದೇ ಕಂಪನಿಯ ಎ070 ಲಿವರಿನಲ್ಲಿ ಗೇರೂ ಬ್ರೇಕೂ ಒಂದೇ ಹಿಡಿಯಲ್ಲಿವೆ. ಅದೂ 7 ಸ್ಪೀಡಿನದೇ. ಬೇಕಾದ ಕಡೆಯೆಲ್ಲ ಬೆರಳು ಸರಿಸಿ ಗೇರು ಬದಲಿಸಬಹುದಾದ್ದರಿಂದ ಸವಾರ ಇರುವ ಏಳನ್ನೂ ನಿಜವಾಗಿ ಬಳಸತೊಡಗುತ್ತಾನೆ.

ಇದಕ್ಕೆ ಸೈಕಲ್ಲಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. ದಶಕಗಳ ಕಾಲ ರೇಸಿನ ಸವಾರರು ಫ್ರೇಮಿನ ಓರೆ ಕೊಳವೆಯ ಮೇಲಿದ್ದ ಲಿವರಿಗೆ ಕೈ ಇಳಿಸಿಯೇ ಗೇರು ಬದಲಿಸುತ್ತಿದ್ದರು. 1990ರಲ್ಲಿ ಶಿಮಾನೋ ತನ್ನ ಡ್ಯುರಾ-ಏಸ್ ಸರಣಿಯಲ್ಲಿ ಗೇರನ್ನು ಬ್ರೇಕ್ ಲಿವರಿನೊಳಕ್ಕೆ ತಂದಿತು, ಕ್ಯಾಂಪಾನ್ಯೋಲೋ 1992ರಲ್ಲಿ ತನ್ನದೇ ರೀತಿಯಲ್ಲಿ ಅದನ್ನು ಮಾಡಿತು. ಕೆಲವೇ ವರ್ಷಗಳಲ್ಲಿ ಹಳೆಯ ಲಿವರು ರೇಸಿನಿಂದ ಹೆಚ್ಚೂಕಡಿಮೆ ಕಣ್ಮರೆಯಾಯಿತು. ಆಗ ಹಿಂದೆ ಇದ್ದದ್ದು 8 ಗೇರು, ಶಿಮಾನೋದ ಇಂದಿನ ಅಗ್ಗದ ಸರಣಿ ಕ್ಲಾರಿಸ್‌ನಲ್ಲಿರುವಷ್ಟೇ. ಮಿಗೆಲ್ ಇಂದುರಾಯಿನ್ 1991ರಿಂದ 1995ರವರೆಗೆ ಸಾಲಾಗಿ ಐದು ಬಾರಿ ಟೂರ್ ದ ಫ್ರಾನ್ಸ್ ಗೆದ್ದದ್ದು ಆ 8 ಗೇರುಗಳ ಕಾಲದಲ್ಲಿ. ಆ ದಿನಗಳ ದೊಡ್ಡ ಬದಲಾವಣೆ ಗೇರಿನ ಎಣಿಕೆಯಲ್ಲಿ ಆದದ್ದಲ್ಲ, ಲಿವರಿನ ಜಾಗದಲ್ಲಿ ಆದದ್ದು.

ಇನ್ನು ಎಣಿಕೆ. ಇಲ್ಲಿ ಮಾತಿಗಿಂತ ಕ್ಯಾಸೆಟ್ಟಿನ, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಚ್ಛದ, ಹಲ್ಲುಗಳನ್ನೇ ಎಣಿಸುವುದು ವಾಸಿ. ಶಿಮಾನೋದ 7 ಸ್ಪೀಡಿನ 11-28 ಕ್ಯಾಸೆಟ್ಟಿನ ಚಕ್ರಗಳು 11, 13, 15, 18, 21, 24, 28. ಅದರ 8 ಸ್ಪೀಡಿನ 11-32ರಲ್ಲಿ ಇರುವುದು 11, 13, 15, 18, 21, 24, 28, 32. ಅಂದರೆ ಹಳೆಯ ಏಳೂ ಹಾಗೇ ಇವೆ, ಕೊನೆಗೆ 32 ಸೇರಿದೆ. 9 ಸ್ಪೀಡಿನ 11-32ಕ್ಕೆ ಹೋದರೆ 11, 12, 14, 16, 18, 21, 24, 28, 32. 18ರಿಂದ ಮೇಲೆ 8ಕ್ಕೂ 9ಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನಂದಿಬೆಟ್ಟದ ಏರಿನಲ್ಲಿ ಏದುಸಿರು ಬಿಡುವಾಗ ಬೇಕಾಗುವ 24, 28, 32 ಎರಡರಲ್ಲೂ ಅವೇ. ಆದ್ದರಿಂದ 7ರವರಿಗೆ ಏರಿನಲ್ಲಿ ಒಂದು ಸುಲಭದ ಗೇರು ಬೇಕಿದ್ದರೆ 8ಕ್ಕೆ ಹೋಗುವುದರಲ್ಲಿ ಅರ್ಥವಿದೆ, ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಹಿಂದಿನ ಡಿರೇಲರು 32 ಹಲ್ಲನ್ನು ತಾಳುವಂತಿದ್ದರೆ. ಏರಿಗೆಂದು 8ರಿಂದ 9ಕ್ಕೆ ಹೋಗುವವರಿಗೆ ಸಿಗುವುದು ಶೂನ್ಯ.

9ರ ಪರವಾಗಿ ಹೇಳಬಹುದಾದ ನ್ಯಾಯವಾದ ಮಾತೊಂದಿದೆ, ಅದನ್ನು ಮುಚ್ಚಿಡಬಾರದು. 8ರಲ್ಲಿ 15ರಿಂದ 18ಕ್ಕೆ ಒಂದೇ ನೆಗೆತ. ಮುಂದೆ 50 ಹಲ್ಲಿನ ದೊಡ್ಡ ಚಕ್ರವಿದ್ದು ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿದರೆ 18ರಲ್ಲಿ ವೇಗ ಗಂಟೆಗೆ ಸುಮಾರು 28 ಕಿಲೋಮೀಟರು, 15ರಲ್ಲಿ 33ಕ್ಕೂ ಮೇಲೆ. ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗುವವರಿಗೆ ನಡುವಿನ 31ರ ವೇಗಕ್ಕೊಂದು ಗೇರು ಬೇಕೆನಿಸುತ್ತದೆ. 9ರ ಕ್ಯಾಸೆಟ್ಟಿನ 16 ಹಲ್ಲಿನ ಚಕ್ರ ಕೊಡುವುದು ಅದನ್ನೇ. ವಾರಕ್ಕೆರಡು ಸಲ ಸಮತಟ್ಟು ರಸ್ತೆಯಲ್ಲಿ ಗುಂಪಿನೊಂದಿಗೆ ಓಡಿಸುವವರು ಈ ಒಂದು ಹಲ್ಲುಚಕ್ರಕ್ಕೆ ಹಣ ಕೊಟ್ಟರೆ ತಪ್ಪೇನಿಲ್ಲ. ಆಫೀಸಿಗೆ ಹೋಗಿಬರುವವರಿಗೆ, ಭಾನುವಾರ ಬೆಳಿಗ್ಗೆ ಊರ ಹೊರಗಿನವರೆಗೆ ಹೋಗಿ ಇಡ್ಲಿ ತಿಂದು ಮರಳುವವರಿಗೆ ಅದು ಗೊತ್ತೇ ಆಗುವುದಿಲ್ಲ.

'ಆದರೆ ನನ್ನ ಸೈಕಲ್ಲಿನ ಗೇರು ಸರಿಯಾಗಿ ಬೀಳುವುದೇ ಇಲ್ಲವಲ್ಲ' ಎನ್ನುವುದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಆಕ್ಷೇಪ. ಗೇರು ಬೀಳದಿರುವುದು ನಿಜ, ಆದರೆ ತಪ್ಪು ಬಹುತೇಕ ಶಿಫ್ಟರಿನದಾಗಿರುವುದಿಲ್ಲ. ಶಿಫ್ಟರ್ ಮಾಡುವ ಕೆಲಸ ಇಷ್ಟೇ: ಒಂದು ಕ್ಲಿಕ್ಕಿಗೆ ಸುಮಾರು 3 ಮಿಲಿಮೀಟರಿನಷ್ಟು ತಂತಿ ಎಳೆಯುವುದು ಅಥವಾ ಬಿಡುವುದು. ಆ ಎಳೆತ ನಷ್ಟವಾಗದೆ ಡಿರೇಲರ್ ತಲುಪಬೇಕು, ನಷ್ಟವಾಗುವುದು ದಾರಿಯಲ್ಲಿ. ಗೇರಿನ ಔಟರನ್ನು ಕತ್ತರಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಉಕ್ಕಿನ ತಂತಿಗಳು ಉದ್ದುದ್ದ ಸಾಗಿರುತ್ತವೆ, ಅದಕ್ಕೇ ಅದು ಒತ್ತಡಕ್ಕೆ ಕುಗ್ಗುವುದಿಲ್ಲ. ಬ್ರೇಕಿನ ಔಟರಿನಲ್ಲಿ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ, ಎಳೆದಾಗಲೂ ಬಾಗಿಸಿದಾಗಲೂ ಚೂರು ಉದ್ದ ಬದಲಾಗುತ್ತದೆ. ಸೈಕಲ್ ಅಂಗಡಿಯಲ್ಲಿ ಕೈಗೆ ಸಿಕ್ಕ ಬ್ರೇಕ್ ಔಟರನ್ನೇ ಗೇರಿಗೂ ಹಾಕಿ ಕಳಿಸಿದರೆ ಎಂಥ ದುಬಾರಿ ಶಿಫ್ಟರ್ ತಂದರೂ ಗೇರು ನಿಂತಲ್ಲಿ ನಿಲ್ಲುವುದಿಲ್ಲ. (ಇದರ ತಿರುಗುಮುರುಗು ಮಾತ್ರ ಎಂದೂ ಆಗಕೂಡದು. ಗೇರಿನ ಔಟರನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಅದು ಸೀಳಿಹೋಗಬಹುದು.) ಮಳೆಗಾಲ ಕಳೆದ ಮೇಲೆ ಔಟರಿನೊಳಗೆ ಕೆಸರೂ ತುಕ್ಕೂ ಸೇರಿಕೊಳ್ಳುತ್ತವೆ, ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಇನ್ನೊಂದು ಅಪರಾಧಿ ಡಿರೇಲರನ್ನು ಫ್ರೇಮಿಗೆ ಸೇರಿಸುವ ಹ್ಯಾಂಗರ್. ಸೈಕಲ್ ಬಲಮಗ್ಗುಲಿಗೆ ಒಂದು ಸಲ ಬಿದ್ದರೂ ಅದು ಒಳಕ್ಕೆ ಬಾಗಬಹುದು, ಬರಿಗಣ್ಣಿಗೆ ಕಾಣಲಿಕ್ಕಿಲ್ಲ. ಹೊಸ ತಂತಿ, ಸರಿಯಾದ ಔಟರ್, ನೆಟ್ಟಗಾದ ಹ್ಯಾಂಗರ್: ಮೂರೂ ಸೇರಿದರೂ ಒಂದು ಜೊತೆ ಹೊಸ ಲಿವರಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಇವಿಷ್ಟನ್ನು ಮಾಡಿಸದೆ ಶಿಫ್ಟರ್ ಕೊಂಡವರು ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಔಷಧ ಕೊಂಡಂತೆ. ಹೊಸ ಶಿಫ್ಟರಿನ ಜೊತೆ ಹೊಸ ಕೇಬಲ್ಲೂ ಬರುವುದರಿಂದ ಗೇರು ಸರಿಹೋಗುತ್ತದೆ, ಹೆಸರು ಮಾತ್ರ ಶಿಫ್ಟರಿಗೆ ಹೋಗುತ್ತದೆ.

ಎಣಿಕೆ ಏರಿಸುವುದಕ್ಕೆ ಇನ್ನೊಂದು ತೊಡಕು ಖರ್ಚಿನ ಸರಪಳಿ. ಅಗ್ಗದ 7 ಸ್ಪೀಡ್ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗುಚ್ಛ ಬಹಳ ಸಲ ಹಬ್ಬಿನ ಮೇಲೆ ತಿರುಪಿನಂತೆ ಕೂರುವ ಫ್ರೀವೀಲ್ ಆಗಿರುತ್ತದೆ. 8 ಅಥವಾ 9 ಸ್ಪೀಡಿನ ಕ್ಯಾಸೆಟ್ಟಿಗೆ ಬೇರೆಯದೇ ಹಬ್ ಬೇಕು, ಅಂದರೆ ಹಿಂದಿನ ಚಕ್ರವೇ ಹೊಸದಾಗಬೇಕು. ತಿರುಪಿನ 8 ಸ್ಪೀಡ್ ಫ್ರೀವೀಲ್‌ಗಳು ಸಿಗುತ್ತವೆ ಎಂಬುದು ನಿಜ, ಆದರೆ ಅಂಥ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಒಳಕ್ಕೆ ಸರಿದಿರುತ್ತದೆ, ಆಸರೆಯಿಲ್ಲದ ಆಕ್ಸಲ್ ಇನ್ನೂ ಉದ್ದವಾಗುತ್ತದೆ. ನಮ್ಮ ಗುಂಡಿಗಳಲ್ಲಿ ಆಕ್ಸಲ್ ಬಾಗುವುದು ಹೀಗೆಯೇ. ಚಕ್ರವಾದ ಮೇಲೆ ಕ್ಯಾಸೆಟ್, 9ಕ್ಕಾದರೆ ಅದಕ್ಕೆ ತಕ್ಕ ತೆಳು ಚೈನು, ಕೇಬಲ್, ಬಾರ್ ಟೇಪು, ಕೂಲಿ. ಅಂಗಡಿಯವರು ಮೊದಲು ಹೇಳುವುದು ಲಿವರಿನ ಬೆಲೆಯೊಂದನ್ನೇ.

ಈ ಸರಪಳಿಯನ್ನು ತಪ್ಪಿಸಲು ಮೆಕ್ಯಾನಿಕ್ಕುಗಳಲ್ಲಿ ಒಂದು ಉಪಾಯ ಚಾಲ್ತಿಯಲ್ಲಿದೆ: ಫ್ರೀವೀಲನ್ನು ಹಾಗೇ ಬಿಟ್ಟು ಕ್ಲಾರಿಸ್‌ನ 8 ಸ್ಪೀಡ್ ಲಿವರ್ ಹಾಕುವುದು. 7 ಸ್ಪೀಡಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಅಂತರ ಸುಮಾರು 5 ಮಿಲಿಮೀಟರು, 8ರಲ್ಲಿ 4.8. ಆರು ನೆಗೆತಗಳಿಗೆ ಒಟ್ಟು ವ್ಯತ್ಯಾಸ 1.2 ಮಿಲಿಮೀಟರು. ನಡುವಿನ ಗೇರಿಗೆ ಸರಿಯಾಗಿ ಹೊಂದಿಸಿದರೆ ಎರಡು ತುದಿಗಳಲ್ಲಿ ತಪ್ಪು 0.6 ಮಾತ್ರ. ಡಿರೇಲರಿನ ಮೇಲಿನ ಪುಟ್ಟ ಗಾಲಿಗೆ ಅಷ್ಟಿಷ್ಟು ಪಕ್ಕಕ್ಕೆ ಸರಿಯುವ ಸಡಿಲವಿರುವುದರಿಂದ ಅದನ್ನು ನುಂಗಿಕೊಳ್ಳುತ್ತದೆ. ಒಂದು ಕ್ಲಿಕ್ ಕೆಲಸವಿಲ್ಲದೆ ಉಳಿಯುತ್ತದೆ. ಕಂಪನಿ ಇದನ್ನು ಶಿಫಾರಸು ಮಾಡುವುದಿಲ್ಲ, ಗಡಿಯಾರದಂಥ ಕರಾರುವಾಕ್ಕು ಬಯಸುವವರಿಗೆ ಹಿಡಿಸುವುದೂ ಇಲ್ಲ. ಆದರೂ ಬಜೆಟ್ಟಿನ ಕಣ್ಣಿನಿಂದ ನೋಡಿದರೆ ಎ050 ಇರುವವರಿಗೆ ಇದಕ್ಕಿಂತ ಜಾಣತನದ ದಾರಿ ಕಡಿಮೆ. ಕೈ ಇವತ್ತೇ ಹುಡ್ಡಿಗೆ ಬರುತ್ತದೆ, ಮುಂದೆಂದಾದರೂ ಹಿಂದಿನ ಚಕ್ರ ಸವೆದು ಬದಲಿಸುವ ಕಾಲ ಬಂದಾಗ ಅದೇ ಲಿವರು 8ಕ್ಕೂ ಸಲ್ಲುತ್ತದೆ.

ಎ070 ಇರುವವರ ಲೆಕ್ಕ ಬೇರೆ. ಅವರ ಕೈ ಆಗಲೇ ಸರಿಯಾದ ಜಾಗದಲ್ಲಿದೆ. ಅದರ ಕೊರತೆ ಒಂದೇ: ಭಾರದ ಗೇರಿಗೆ ಹೋಗುವ ಗುಂಡಿ ಹುಡ್ಡಿನ ಒಳಬದಿಯಲ್ಲಿ ಹೆಬ್ಬೆರಳಿಗೆ ಇದೆ, ಹ್ಯಾಂಡಲ್ಲಿನ ಕೆಳಬಾಗು ಹಿಡಿದಾಗ ಅದು ಎಟುಕುವುದಿಲ್ಲ. ಕ್ಲಾರಿಸ್‌ನಲ್ಲಿ, ತೈವಾನಿನ ಮೈಕ್ರೋಶಿಫ್ಟ್ ಲಿವರುಗಳಲ್ಲಿ ಈ ಕಷ್ಟವಿಲ್ಲ. ಕೆಳಬಾಗನ್ನೇ ಹಿಡಿದು ಗಂಟೆಗಟ್ಟಲೆ ಓಡಿಸುವವರು ಕಡಿಮೆ, ಇದೊಂದಕ್ಕಾಗಿ ಇಡೀ ಜೊತೆ ಬದಲಿಸುವುದು ಅತಿಯಾಯಿತು. ಹಳೆಯ ಲಿವರು ಅಗ್ಗಕ್ಕೆ ಸಿಕ್ಕಿತೆಂದು 10 ಸ್ಪೀಡಿನ ಟಿಯಾಗ್ರಾ 4700 ತರುವವರೂ ಉಂಟು. ಅದು ತಂತಿ ಎಳೆಯುವ ಅಳತೆಯೇ ಬೇರೆ, ಹಳೆಯ ಡಿರೇಲರಿನೊಂದಿಗೆ ಹೊಂದುವುದಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಇಷ್ಟೆಲ್ಲ ಮಾಡುವ ಬದಲು ಇರುವುದನ್ನು ಮಾರಿ ಮೇಲಿನ ಹಂತದ ಸೈಕಲ್ಲನ್ನೇ ಕೊಳ್ಳಬಾರದೆ? ಎಣಿಕೆಯ ಆಸೆಯವರಿಗೆ ಇದೇ ಸರಿಯಾದ ಉತ್ತರ, ಸಂಶಯವಿಲ್ಲ. ಬಿಡಿಬಿಡಿಯಾಗಿ ಕೊಂಡ ಭಾಗಗಳ ಮೊತ್ತ ಒಟ್ಟಿಗೆ ಬರುವ ಸೈಕಲ್ಲಿಗಿಂತ ದುಬಾರಿಯಾಗುತ್ತದೆ, ಮಾರುವಾಗ ಹಾಕಿದ ಲಿವರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ಎ050 ಇರುವ, ಫ್ರೇಮು ಮೈಗೆ ಹೊಂದಿದ, ಚಕ್ರ ಗಟ್ಟಿಯಾಗಿರುವ ಸೈಕಲ್ಲಿನ ಯಜಮಾನರಿಗೆ ಈ ಮಾತು ತಾಗುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಭಾಗ, ಅದೂ 7 ಸ್ಪೀಡಿನದೇ ಆದರೂ ಸಾಕು. ಹ್ಯಾಂಡಲ್ಲಿನ ಮೇಲ್ಭಾಗದಲ್ಲಿ ಹೆಚ್ಚುವರಿ ಬ್ರೇಕ್ ಲಿವರ್ ಇರುವ ಮಾದರಿಗಳಲ್ಲಿ ಅದೂ ತುರ್ತಲ್ಲ ಎಂದು ಒಪ್ಪಬೇಕು, ಅಲ್ಲಿ ಗೇರಿನ ಪಕ್ಕದಲ್ಲೇ ಬ್ರೇಕಿದೆ. ಕೊಳ್ಳುವ ಮುಂಚೆ ಬ್ರೇಕು ಯಾವ ಬಗೆಯದೆಂದು ನೋಡಿಕೊಳ್ಳಿ: ವಿ-ಬ್ರೇಕ್ ಇದ್ದರೆ ರೋಡ್ ಲಿವರ್ ಎಳೆಯುವ ತಂತಿ ಅದಕ್ಕೆ ಸಾಲದು. ಬಾರ್ ಟೇಪ್ ಬಿಚ್ಚಿದಾಗ ಬ್ರೇಕಿನ ಇನ್ನರ್, ಔಟರ್ ಎರಡನ್ನೂ ಹೊಸದಾಗಿ ಹಾಕಿಸಿಬಿಡಿ. ಟೇಪ್ ಸುತ್ತಿದ ಮೇಲೆ ನೆನಪಾದರೆ ಅದೇ ಕೂಲಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.