ಒಂದೇ ಬಣ್ಣದ ಎರಡು ತುದಿಗಳು

ಮೊದಲ ಪೀಳಿಗೆಯ ಮಾಜ್ದಾ ಎಂಎಕ್ಸ್-5 ನನಗೆ ಅಚ್ಚುಮೆಚ್ಚಾಗಿರುವುದು ಅದರಲ್ಲಿ ಏನೇನು ಇಲ್ಲ ಎಂಬ ಕಾರಣಕ್ಕೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಂಡ ಈ ಎರಡು ಸೀಟಿನ ಕಾರಿನ ಹೊಣೆ ಹೊತ್ತಿದ್ದವರು ತೊಷಿಹಿಕೊ ಹಿರಾಯ್. ತೂಕ ಇಳಿಸುವ ವಿಷಯದಲ್ಲಿ ಅವರದು ಬಿಡದ ಹಟ. 1.6 ಲೀಟರಿನ ಎಂಜಿನ್, ಒಂದು ಟನ್ನಿಗೂ ಕಡಿಮೆ ಭಾರ, ಬಟ್ಟೆಯ ಚಾವಣಿ. ಕೀಲಿಯೂ ಬರಿಯ ಲೋಹದ ತುಂಡು, ಒಳಗೆ ಚಿಪ್ ಇಲ್ಲ. ಇಂಥ ಕಾರು 1990ರಲ್ಲಿ ಬ್ರಿಟನ್ನಿಗೆ ಬಂದಾಗ ಅಲ್ಲಿ ಕಾರುಗಳ್ಳರಿಗೆ ಸುಗ್ಗಿಯ ಕಾಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಸುಮಾರು ಐದು ಲಕ್ಷ ವಾಹನಗಳು ಕಳುವಾಗುತ್ತಿದ್ದವು. ಚಾವಣಿ ಸೀಳಲು ಒಂದು ಚಾಕು ಸಾಕು; ಬಾಗಿಲಿನ ಬೀಗಕ್ಕೆ ಅರ್ಥವೇ ಇರಲಿಲ್ಲ.

ವಿಮಾ ಕಂಪನಿಗಳು ಎಚ್ಚೆತ್ತವು. ಬರ್ಕ್‌ಶೈರಿನ ಥ್ಯಾಚಮ್‌ನಲ್ಲಿ ಅವು ನಡೆಸುತ್ತಿದ್ದ ಸಂಶೋಧನಾ ಕೇಂದ್ರ ಕಳ್ಳತನ ತಡೆಯುವ ಸಾಧನಗಳನ್ನು ಪರೀಕ್ಷಿಸಿ ದರ್ಜೆ ಕೊಡತೊಡಗಿತು: ಅಲಾರಂ ಮತ್ತು ಎಂಜಿನ್ ಹೊರಡದಂತೆ ತಡೆಯುವ ಇಮ್ಮೊಬಿಲೈಸರ್ ಎರಡೂ ಇದ್ದರೆ ಒಂದನೆಯದು, ಇಮ್ಮೊಬಿಲೈಸರ್ ಮಾತ್ರ ಇದ್ದರೆ ಎರಡನೆಯದು. ಸ್ಪೋರ್ಟ್ಸ್ ಕಾರಿಗೆ ವಿಮೆ ಬೇಕೆಂದರೆ ಇವುಗಳಲ್ಲೊಂದನ್ನು ಹಾಕಿಸಿ ಪ್ರಮಾಣಪತ್ರ ತೋರಿಸಬೇಕು ಎನ್ನುವ ಮಟ್ಟಕ್ಕೆ ವಿಷಯ ಹೋಯಿತು. ಯುರೋಪಿನ ಹೊಸ ಕಾರುಗಳಲ್ಲಿ ಕಾರ್ಖಾನೆಯೇ ಇಮ್ಮೊಬಿಲೈಸರ್ ಕೂರಿಸಬೇಕೆಂಬ ನಿಯಮ ಪೂರ್ತಿ ಜಾರಿಯಾದದ್ದು 1998ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚಿನ ಕಾರುಗಳಿಗೆ ಹೊರಗಿನವರು ಬಂದು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ತಂತಿ ಕತ್ತರಿಸಿ ಪೆಟ್ಟಿಗೆ ಜೋಡಿಸಿ ಹೋದರು. ಅವರ ಕೆಲಸ ಇನ್ನೂ ಆ ಕಾರುಗಳ ಒಳಗಿದೆ.

ಈ ಇಮ್ಮೊಬಿಲೈಸರ್ ಪೆಟ್ಟಿಗೆ ಮಾಡುವುದಿಷ್ಟೇ. ಸ್ಟಾರ್ಟರ್, ಇಗ್ನಿಷನ್, ಪೆಟ್ರೋಲ್ ಪಂಪ್ ಈ ಮೂರರಲ್ಲಿ ಎರಡಕ್ಕೋ ಮೂರಕ್ಕೋ ಹೋಗುವ ತಂತಿಯನ್ನು ನಡುವೆ ಕಡಿದು, ಎರಡು ತುದಿಗಳನ್ನೂ ತನ್ನೊಳಗಿನ ರಿಲೇಗೆ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿಗೆ, ಎಳೆದುಕೊಂಡಿರುತ್ತದೆ. ಪೆಟ್ಟಿಗೆಗೆ ತನ್ನದೇ ಕೀಲಿಯ ಗುರುತು ಸಿಕ್ಕರೆ ರಿಲೇ ಕೂಡುತ್ತದೆ, ಕಾರು ಹೊರಡುತ್ತದೆ. ಕಳ್ಳನಿಗೆ ಯಾವುದು ಯಾವುದೆಂದು ತಿಳಿಯಬಾರದು ಅಂತ ಪೆಟ್ಟಿಗೆಯಿಂದ ಬರುವ ತಂತಿಗಳೆಲ್ಲ ಕಪ್ಪು. ಆ ಕಾಲಕ್ಕೆ ಒಳ್ಳೆಯ ಉಪಾಯ. ಇಂದು ತಬ್ಬಿಬ್ಬಾಗುವವರು ಕಾರಿನ ಒಡೆಯರು.

ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಇಗ್ನಿಷನ್ನಿನ ವಿದ್ಯುತ್ತು ಈ ರಿಲೇ ದಾಟಿಯೇ ಹೋಗಬೇಕು. ವರ್ಷಗಟ್ಟಲೆ ಬಿಸಿಯಾಗಿ ತಣಿದು ಬೋರ್ಡಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಬಿಸಿಲಲ್ಲಿ ಸಿಗ್ನಲ್ ಬಳಿ ಕಾರು ಸತ್ತು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಜೀವ ತಳೆಯುತ್ತದೆ. ಜನ ಕಾಯಿಲ್ ಬದಲಿಸುತ್ತಾರೆ, ಪಂಪ್ ಬದಲಿಸುತ್ತಾರೆ, ರೋಗ ಮಾತ್ರ ಇದ್ದಲ್ಲೇ. ಕೆಲವು ಪೆಟ್ಟಿಗೆಗಳ ಕೀಲಿ ಕಳೆದರೆ ಬದಲಿ ಮಾಡಿಕೊಡುವವರೂ ಇಂದು ಇಲ್ಲ.

ಹಾಗಾಗಿ ಪೆಟ್ಟಿಗೆಯನ್ನು ತೆಗೆಯಬೇಕು. ಆದರೆ ಹೇಗೆ ಎಂಬುದರಲ್ಲೇ ಕಾರು ಪ್ರೀತಿಸುವವರು ಮತ್ತು ಕಾರು ಓಡಿದರೆ ಸಾಕು ಎನ್ನುವವರು ಬೇರೆಯಾಗುತ್ತಾರೆ. ಪೆಟ್ಟಿಗೆಯ ಬಾಯಲ್ಲೇ ಎರಡು ದಪ್ಪ ಕಪ್ಪು ತಂತಿಗಳನ್ನು ಕೂಡಿಸಿ ಮೇಲೆ ಟೇಪು ಸುತ್ತಿಬಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿ: ಮೂಲ ತಂತಿಯ ಎರಡು ತುದಿಗೂ ಕಪ್ಪು ತಂತಿ ಸೇರಿದ ಎರಡು ಹಳೆಯ ಬೆಸುಗೆಗಳು ಹಾಗೇ ಉಳಿದವು, ಜೊತೆಗೆ ನಿಮ್ಮದೊಂದು ಹೊಸದು. ಒಂದು ತಂತಿಗೆ ಮೂರು ಗಂಟು. ಸರಿಯಾಗಿ ಬಿಚ್ಚಿ ಮೂಲ ತುದಿಗಳನ್ನೇ ಸೇರಿಸಿದರೆ ಉಳಿಯುವುದು ಒಂದೇ.

ಅಲಾರಂ ಇದ್ದರೆ ಮೊದಲು ಬಾನೆಟ್ ಎತ್ತಿ ಸೈರನ್ನನ್ನು ಅದರದೇ ಪುಟ್ಟ ಕೀಲಿಯಿಂದ ಆರಿಸಬೇಕು. ಅದರೊಳಗೆ ಬೇರೆ ಬ್ಯಾಟರಿ ಇರುತ್ತದೆ. ಕಾರಿನ ಬ್ಯಾಟರಿ ಕಳಚಿದ ಕ್ಷಣ ಬೀದಿಯೆಲ್ಲ ಕೇಳುವಂತೆ ಅರಚುತ್ತದೆ. ಆಮೇಲೆ ಡಿಕ್ಕಿಗೆ ಹೋಗಿ ಬ್ಯಾಟರಿ ಕಳಚುವುದು. ಎಂಎಕ್ಸ್-5ರಲ್ಲಿ ಅದು ಇರುವುದು ಅಲ್ಲೇ. ಏರ್‌ಬ್ಯಾಗ್ ಇರುವ ಕಾರಾದರೆ ಕೆಲವು ನಿಮಿಷ ಕಾಯಬೇಕು, ಹಳದಿ ಕವಚದ ತಂತಿಗಳ ತಂಟೆಗೇ ಹೋಗಬಾರದು.

ಇನ್ನು ತಾಳ್ಮೆಯ ಕೆಲಸ. ಕಪ್ಪು ತಂತಿಗಳನ್ನು ನೋಡುತ್ತ ಕೂತರೆ ತಲೆ ಕೆಡುತ್ತದೆ. ನೋಡಬೇಕಾದದ್ದು ಅವು ಹೋಗಿ ಮುಟ್ಟುವ ಮೂಲ ತಂತಿಗಳನ್ನು. ಕಾರ್ಖಾನೆಯ ತಂತಿಗೆ ಬಣ್ಣವಿದೆ, ಮೇಲೆ ಇನ್ನೊಂದು ಬಣ್ಣದ ಗೀರಿದೆ. ಟೇಪು ಬಿಚ್ಚುತ್ತ ಹೋದಂತೆ ಒಂದೇ ಬಣ್ಣ, ಒಂದೇ ಗೀರು, ಒಂದೇ ದಪ್ಪದ ಎರಡು ತುದಿಗಳು ಸಿಗುತ್ತವೆ. ಅವು ಒಂದು ಕಾಲಕ್ಕೆ ಒಂದೇ ತಂತಿಯಾಗಿದ್ದವು. ವೈರಿಂಗ್ ನಕ್ಷೆ ತೆರೆದಿಟ್ಟುಕೊಂಡು, ಮೀಟರಿನಿಂದ ಖಾತ್ರಿ ಮಾಡಿಕೊಂಡು, ಒಂದನ್ನು ಸೇರಿಸಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಕಡಿಯಬೇಕು. ಎಲ್ಲವನ್ನೂ ಒಮ್ಮೆಗೇ ಕತ್ತರಿಸುವ ಆತುರವೇ ಈ ಕೆಲಸದ ಶತ್ರು.

ಸೇರಿಸಲು ಬೆಸುಗೆಯೋ ಕ್ರಿಂಪೋ (ಲೋಹದ ಕೊಳವೆಯಲ್ಲಿ ಒತ್ತಿ ಕೂಡಿಸುವುದು) ಎಂಬ ಜಗಳ ಹಳೆಯದು. ನನ್ನ ಮತ ಕ್ರಿಂಪಿಗೆ, ಅದೂ ಒಳ್ಳೆಯ ರಾಚೆಟ್ ಇಕ್ಕಳದಿಂದ. ಬೆಸುಗೆಯ ತವರ ಎಳೆಗಳ ನಡುವೆ ಏರಿ ತಂತಿಯನ್ನು ಕಡ್ಡಿಯಂತೆ ಬಿಗಿ ಮಾಡುತ್ತದೆ. ಆ ಬಿಗಿ ಮುಗಿಯುವ ಜಾಗದಲ್ಲೇ ಅದು ನಡುಗಿ ನಡುಗಿ ತುಂಡಾಗುತ್ತದೆ. ಬೆಸೆಯುವವರು ಆ ಜಾಗಕ್ಕೆ ಆಸರೆ ಕೊಟ್ಟರೆ ಬಾಳಿಕೆ ಬಂದೀತು. ಯಾವುದಾದರೂ ಮೇಲೊಂದು ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಬೇಕೇ ಬೇಕು. ತುದಿ ಗಿಡ್ಡವಾಗಿದ್ದರೆ ಎಳೆದು ಕೂಡಿಸದೆ ಅದೇ ದಪ್ಪದ ತುಂಡು ಸೇರಿಸಬೇಕು. ಅಲಾರಂಗೆಂದು ಇಂಡಿಕೇಟರ್, ಬಾಗಿಲಿನ ಸ್ವಿಚ್ಚುಗಳ ತಂತಿಗೆ ಹಾಕಿದ ನೀಲಿ ಪ್ಲಾಸ್ಟಿಕ್ ಕ್ಲಿಪ್ಪುಗಳಿದ್ದರೆ ಬಿಡಬೇಡಿ. ಅವು ತಂತಿಯ ಎಳೆಗಳನ್ನು ಕಡಿದು ಒಳಗೆ ತೇವ ಬಿಟ್ಟುಕೊಳ್ಳುತ್ತವೆ. ತೆಗೆದು, ಗಾಯವಾದ ಜಾಗ ದುರಸ್ತಿ ಮಾಡಿ.

ಡ್ಯಾಶ್‌ಬೋರ್ಡಿನಲ್ಲಿ ಪೆಟ್ಟಿಗೆಯ ಕೆಂಪು ದೀಪಕ್ಕೆಂದು ಕೊರೆದ ಪುಟ್ಟ ತೂತು ಮಾತ್ರ ಉಳಿಯುತ್ತದೆ. ಅದನ್ನು ಪುಟ್ಟಿ ತುಂಬಿ ಮುಚ್ಚುವುದಕ್ಕಿಂತ ಹಾಗೇ ಬಿಡುವುದು ಅಂದ.

ಇದೆಲ್ಲಕ್ಕೂ ಮುಂಚೆ ವಿಮಾ ಕಂಪನಿಗೆ ಬರೆದು ತಿಳಿಸಿ. ಇಮ್ಮೊಬಿಲೈಸರ್ ಇದೆಯೆಂದು ಹೇಳಿ ಪಾಲಿಸಿ ಮಾಡಿಸಿ, ಹೇಳದೆ ತೆಗೆದರೆ ಕಳುವಾದ ದಿನ ಪರಿಹಾರ ಸಿಗದೆ ಹೋಗಬಹುದು. ಪಶ್ಚಿಮ ಆಸ್ಟ್ರೇಲಿಯಾದಂಥ ಕಡೆ 1999ರಿಂದ ಕಾನೂನೇ ಇಮ್ಮೊಬಿಲೈಸರ್ ಕೇಳುತ್ತದೆ, ಅಲ್ಲಿನವರು ಮೊದಲು ನಿಯಮ ನೋಡಬೇಕು. ಕಂಪನಿ ಒಪ್ಪಿದರೆ ಸ್ಟೀರಿಂಗಿಗೆ ಒಂದು ಗಟ್ಟಿ ಬೀಗ, ಅಡಗಿಸಿಟ್ಟ ಟ್ರ್ಯಾಕರ್ ಒಂದು ಹಾಕಿಸಿ. ತೆಗೆದ ಪೆಟ್ಟಿಗೆ, ಹಳೆಯ ಪ್ರಮಾಣಪತ್ರ, ಯಾವ ಬಣ್ಣದ ತಂತಿಯನ್ನು ಎಲ್ಲಿ ಸೇರಿಸಿದಿರಿ ಎಂಬ ಚೀಟಿ, ಈ ಮೂರನ್ನೂ ಕಾರಿನ ಕಡತದಲ್ಲಿಡಿ. ಮುಂದೆ ಆ ಕಾರು ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿರುತ್ತದೆ.