ಗಲ್ಲಾಪೆಟ್ಟಿಗೆಯ ಮೇಲಿನ ಬಸವಣ್ಣ

ಬೀದರ್, ಭಾಲ್ಕಿ, ಔರಾದ್ ಪೇಟೆಗಳಲ್ಲಿ ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನ ಪಟವಿದೆ. ಕಾಯಕದ ಮಾತು ಮಾಲಕರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕಷ್ಟ ಬಂದಾಗ ಆ ಮಾತು ಕೆಲಸದವರ ಕೈಹಿಡಿಯುತ್ತದೆಯೇ? ಹಿಡಿಯುತ್ತದೆ, ಮಾಲಕ ಅದನ್ನು ಮೊದಲು ತನಗೆ ಹೇಳಿಕೊಂಡಿದ್ದರೆ.

ಮಾಲಕನ ನಂಬಿಕೆ ಕೆಲಸದವರಿಗೆ ಬಲವಾಗುವ ಈ ವಿಚಾರವನ್ನು ವಿದ್ವಾಂಸರೂ ಚರ್ಚಿಸಿದ್ದಾರೆ. ಅಮೆರಿಕದ ನಿರ್ವಹಣಾಶಾಸ್ತ್ರ ವಿದ್ವಾಂಸ ಲೂಯಿ ಫ್ರೈ 2003ರಲ್ಲಿ ಆಧ್ಯಾತ್ಮಿಕ ನಾಯಕತ್ವದ ಸಿದ್ಧಾಂತ ಮಂಡಿಸಿದರು. ಗುರಿ, ಭರವಸೆ, ನಿಸ್ವಾರ್ಥ ಪ್ರೀತಿ ಅದರ ಜೀವಾಳ. ಮೂರೂ ಬೇಕಾದವೇ, ಆದರೆ ಪಗಾರದ ಪ್ರಶ್ನೆ ಅಲ್ಲಿ ಹಿಂದೆ ಸರಿಯುತ್ತದೆ. ಬಸವಣ್ಣನ 12ನೇ ಶತಮಾನದ ಕಲ್ಯಾಣ ದುಡಿಮೆಯ ಪ್ರತಿಫಲದ ಪ್ರಶ್ನೆಯನ್ನು ಮರೆತಿರಲಿಲ್ಲ. ಚೆಲ್ಲಿದ ಅಕ್ಕಿ ಆಯುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿಸಲು ಕಳಿಸಿದಳೆಂಬ ಕಥೆ ಮನೆಮನೆಗೂ ಗೊತ್ತು. ಇದ್ದುದರಲ್ಲೇ ತೃಪ್ತಿಪಡಿ ಎಂದು ಕೆಲಸದವರಿಗೆ ಬುದ್ಧಿ ಹೇಳಲು ಇದನ್ನು ಬಳಸುವುದು ಅನ್ಯಾಯ. ಹೆಚ್ಚಾದದ್ದನ್ನು ಮರಳಿಸುವ ಪಾಠ ಹೆಚ್ಚು ಉಳ್ಳವನಿಗಲ್ಲವೇ ಮೊದಲು ತಾಗಬೇಕಾದದ್ದು?

ಹೇಳುವವನೇ ಮೊದಲು ನಡೆಯಬೇಕೆಂಬ ಇದೇ ವಿಚಾರ ಬೀದರಿನ ಬಿದ್ರಿ ಲೋಹಕಲೆಯ ಕಾರ್ಖಾನೆಗಳಲ್ಲಿ ಬೇರೆ ಧರ್ಮದವರ ನಡುವೆಯೂ ಕಾಣುತ್ತದೆ. ಸತು-ತಾಮ್ರದ ಎರಕಕ್ಕೆ ಮೈಲುತುತ್ತ ಸವರಿ, ತಾತ್ಕಾಲಿಕವಾಗಿ ಕಪ್ಪಾದ ಮೈಮೇಲೆ ಹೂಬಳ್ಳಿ ಕೊರೆದು, ಗೀರಿನೊಳಗೆ ಬೆಳ್ಳಿ ತಂತಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರು ತಗುಲಿದರೆ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಉಸ್ತಾದ್ ಕಲಿಯುವ ಹುಡುಗನ ಪಕ್ಕದಲ್ಲೇ ನೆಲಕ್ಕೆ ಕೂತು ಉಳಿ ಹಿಡಿಯುತ್ತಾರೆ. ತಾಳ್ಮೆ ಉಪದೇಶದಿಂದಲ್ಲ, ಆ ಕೈ ನೋಡಿ ಬರುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ದೊರೆಯಿತು, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ನಮಗೆಲ್ಲ ಹೆಮ್ಮೆ. ಆದರೆ 2020ರ ಲಾಕ್‌ಡೌನಿನಲ್ಲಿ ಮೇಳ, ಪ್ರವಾಸಿಗರು ಎರಡೂ ನಿಂತಾಗ, ನಗಕ್ಕಿಷ್ಟು ಎಂದು ದುಡಿಯುವವನಿಗೆ ತಾಳ್ಮೆಯೊಂದೇ ಊಟವಾಗಲಿಲ್ಲ.

ಕಾನೂನಿನ ಆಸರೆಯೂ ಇಲ್ಲಿ ತೆಳು. ಸಾಮಾನ್ಯವಾಗಿ ಹತ್ತು ಜನರಿಗಿಂತ ಕಡಿಮೆಯಿದ್ದರೆ ಇಎಸ್‌ಐ ಕಡ್ಡಾಯವಲ್ಲ, ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಪಿಎಫ್ ಕೂಡ. ಹಾಗಾಗಿ ಸಣ್ಣ ಅಂಗಡಿಯಲ್ಲಿ ಮಾಲಕನ ಮನಸ್ಸೇ ವಿಮೆ. ಮನಸ್ಸು ಬದಲಾದರೆ ಕೇಳುವವರಿಲ್ಲ.

ಮಾತನ್ನು ಮೊದಲು ತಮಗೇ ಹೇಳಿಕೊಂಡವರ ಮಾದರಿ ನಮ್ಮಲ್ಲೇ ಇದೆ. ಕನ್ನಡ ಕಲಿಕೆಗೆ ಅಡ್ಡಿಯಿದ್ದ ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಪಾಯವನ್ನು ಅವರೇ ಹೊತ್ತದ್ದರಿಂದ ಜನ ನಂಬಿ ಹಿಂದೆ ಬಂದರು. ಬಸವ ಜಯಂತಿಗೆ ಪ್ರಸಾದ ಹಂಚುವ ನಮ್ಮ ಅಂಗಡಿಕಾರರು, ಜ್ವರ ಬಂದು ಮಲಗಿದವನ ಆ ವಾರದ ಪಗಾರ ಕಡಿಯದಿದ್ದರೆ, ಔರಾದಿನ ಹುಡುಗರಲ್ಲಿ ಕೆಲವರಾದರೂ ಹೈದರಾಬಾದ್, ಪುಣೆಯ ಬಸ್ಸು ಹತ್ತುವ ಮುಂಚೆ ಇನ್ನೊಮ್ಮೆ ಯೋಚಿಸಿಯಾರು.