ಮೂವರು ತಪ್ಪಿದಾಗ ನಾಲ್ಕನೆಯವನ ಗತಿ

ಎಥೀರಿಯಂನ ಹಂಚಿದ ವ್ಯಾಲಿಡೇಟರ್‌ಗಳನ್ನು (ಡಿವಿಟಿ) ಹೊಗಳುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಟೆಸ್ಟ್‌ನೆಟ್‌ನಲ್ಲಿ ಪಳಗಿಸಿಯೇ ತಂದಿದ್ದೇವೆ. ಓಬೋಲ್‌ನ ಕ್ಯಾರನ್ ಇರಲಿ, ಎಸ್‌ಎಸ್‌ವಿ ಇರಲಿ, ಪ್ರತಿ ಅಪ್‌ಗ್ರೇಡ್‌ಗೂ ಈ ಮುದ್ರೆ ಬೀಳುತ್ತದೆ. ಆ ಮುದ್ರೆಗೆ ಸಿಕ್ಕಿರುವ ಬೆಲೆ ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ವಾದ.

ಒಂದು ಕೀಲಿಯನ್ನು ನಾಲ್ಕು ಪಾಲು ಮಾಡಿ ನಾಲ್ಕು ಕಡೆ ಇಟ್ಟು, ಮೂರು ಸಹಿ ಕೂಡಿದರೆ ಕೆಲಸ ನಡೆಯುವ ಈ ಏರ್ಪಾಡನ್ನು ಇಲ್ಲಿ ಮತ್ತೆ ವಿವರಿಸಬೇಕಿಲ್ಲ. ಅದರ ಗುಣವನ್ನು ನಾನು ಅಲ್ಲಗಳೆಯುವುದೂ ಇಲ್ಲ. ನಮ್ಮ ಕಣಕಟ್ಟೆ ಕಡೆ ಮುಂಗಾರಿನ ಗಾಳಿಗೆ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದರೆ ಸಂಜೆಯವರೆಗೂ ಕರೆಂಟ್ ಇಲ್ಲ. ಇಲ್ಲೊಂದು ನೋಡ್, ಅರಸೀಕೆರೆಯಲ್ಲೊಂದು, ಹಾಸನದಲ್ಲೊಂದು, ಬೆಂಗಳೂರಿನಲ್ಲೊಂದು ಇದ್ದರೆ, ಇಲ್ಲಿಯದು ಮಲಗಿದರೂ ಉಳಿದ ಮೂರು ಸಹಿ ಹಾಕುತ್ತಿರುತ್ತವೆ. ಸಾಫ್ಟ್‌ವೇರ್ ಬದಲಿಸುವಾಗಲೂ ಒಂದನ್ನು ನಿಲ್ಲಿಸಿ, ಹೊಸ ಆವೃತ್ತಿ ಇಳಿಸಿ, ಎಬ್ಬಿಸಿ, ಮುಂದಿನದಕ್ಕೆ ಹೋಗಬಹುದು. ಯಂತ್ರ ಕೈಕೊಟ್ಟಾಗ ಇದು ಕಾಯುತ್ತದೆ. ಹೊಸ ಸಾಫ್ಟ್‌ವೇರೇ ತಪ್ಪಿದಾಗ?

ಆ ಪ್ರಶ್ನೆಗೆ ಉತ್ತರ 2025ರ ಫೆಬ್ರವರಿ 24ರಂದು ಸಿಕ್ಕಿದೆ. ನಮ್ಮ ಗಡಿಯಾರದಲ್ಲಿ ಆಗ 25ರ ನಸುಕಿನ 3.25. ಹೋಲೆಸ್ಕಿ ಟೆಸ್ಟ್‌ನೆಟ್‌ಗೆ ಪೆಕ್ಟ್ರಾ ಅಪ್‌ಗ್ರೇಡ್ ಬಂತು. ಪೆಕ್ಟ್ರಾ ತಂದ ಬದಲಾವಣೆಗಳಲ್ಲೊಂದು, ಠೇವಣಿಗಳ ವಿವರವನ್ನು ಎಕ್ಸಿಕ್ಯೂಷನ್ ಕ್ಲೈಂಟೇ ಬ್ಲಾಕ್‌ನಿಂದ ಓದಿ ದಾಟಿಸಬೇಕು ಎಂಬುದು. ಓದಬೇಕಾದರೆ ಠೇವಣಿ ಕಾಂಟ್ರಾಕ್ಟ್‌ನ ವಿಳಾಸ ಗೊತ್ತಿರಬೇಕು. ಹೋಲೆಸ್ಕಿಯಲ್ಲಿ ಅದು 42 ಎಂಬ ಜೋಡಿ ಇಪ್ಪತ್ತು ಸಲ ಸಾಲಾಗಿ ಬರುವ ವಿಳಾಸ. ಒಮ್ಮೆ ನೋಡಿದವರು ಮರೆಯುವಂಥದ್ದಲ್ಲ. ಮೇನ್‌ನೆಟ್‌ನದು ಬೇರೆ. ಗೆತ್, ನೆದರ್‌ಮೈಂಡ್, ಬೇಸು ಎಂಬ ಮೂರು ಎಕ್ಸಿಕ್ಯೂಷನ್ ಕ್ಲೈಂಟ್‌ಗಳಲ್ಲೂ ಹೋಲೆಸ್ಕಿಗಾಗಿ ಬರೆಯಬೇಕಿದ್ದ ಆ ಒಂದು ಸಾಲು ಸರಿಯಾಗಿ ಕೂತಿರಲಿಲ್ಲ. ಠೇವಣಿ ಇದ್ದ ಬ್ಲಾಕ್ ಬಂದಾಗ ಮೂರೂ ತಪ್ಪು ಲೆಕ್ಕವನ್ನು ಸರಿಯೆಂದು ಒಪ್ಪಿದವು. ಎರಿಗಾನ್ ಮತ್ತು ರೆತ್ ಕ್ಲೈಂಟ್‌ಗಳು ಅದನ್ನು ತಳ್ಳಿಹಾಕಿದವು. ಹೆಚ್ಚಿನ ವ್ಯಾಲಿಡೇಟರ್‌ಗಳು ಮೊದಲ ಮೂರನ್ನೇ ನೆಚ್ಚಿದ್ದರಿಂದ ತಪ್ಪು ಸರಪಳಿಗೆ ಬಹುಮತ ಬಂತು. ಫೈನಾಲಿಟಿ, ಅಂದರೆ ಬ್ಲಾಕ್‌ಗಳು ಬದಲಾಗದಂತೆ ಅಂತಿಮಗೊಳ್ಳುವುದು, ನಿಂತುಹೋಯಿತು. ಅದು ಮರಳಿದ್ದು ಮಾರ್ಚ್ 10ಕ್ಕೆ.

ನಮ್ಮ ನಾಲ್ಕು ಊರಿನ ಕ್ಲಸ್ಟರನ್ನು ಆ ನಸುಕಿಗೆ ಒಯ್ದು ನಿಲ್ಲಿಸಿ ನೋಡೋಣ. ಅರಸೀಕೆರೆಯಲ್ಲಿ ಗೆತ್, ಹಾಸನದಲ್ಲಿ ನೆದರ್‌ಮೈಂಡ್, ಬೆಂಗಳೂರಿನಲ್ಲಿ ಬೇಸು, ಕಣಕಟ್ಟೆಯಲ್ಲಿ ರೆತ್. ಬೇರೆ ಬೇರೆ ಕ್ಲೈಂಟ್ ಇಟ್ಟುಕೊಳ್ಳಿ ಎಂಬ ಉಪದೇಶವನ್ನು ಇದಕ್ಕಿಂತ ನಿಷ್ಠೆಯಿಂದ ಪಾಲಿಸಲಾಗದು. ಗೆತ್ ಬರೆದದ್ದು ಗೋ ಭಾಷೆಯಲ್ಲಿ, ನೆದರ್‌ಮೈಂಡ್ ಸಿ ಶಾರ್ಪ್‌ನಲ್ಲಿ, ಬೇಸು ಜಾವಾದಲ್ಲಿ, ತಂಡಗಳೂ ಬೇರೆ. ಆದರೂ ಮೂರು ಸಹಿ ತಪ್ಪಿನ ಕಡೆ ಕೂಡಿ ಮತ ಹೊರಬೀಳುತ್ತದೆ. ಸರಿಯಾಗಿ ಓದಿದ ಕಣಕಟ್ಟೆಯ ನೋಡ್ ಕ್ಲಸ್ಟರ್‌ನ ಲೆಕ್ಕದಲ್ಲಿ ಕೆಟ್ಟುನಿಂತ ನೋಡ್! ನಾಲ್ಕರಲ್ಲಿ ಒಂದು ಕೆಟ್ಟರೂ ತಡೆದುಕೊಳ್ಳುತ್ತೇವೆ ಎಂಬ ಹೆಮ್ಮೆಯ ನಿಯಮವೇ ಸತ್ಯ ಹೇಳಿದವನನ್ನು ಹೊರಗಿಡುತ್ತದೆ. ಸ್ಟೇಕಿಂಗ್ ಸೇವೆಯಾದ ಲೈಡೋದ ಸಿಂಪಲ್ ಡಿವಿಟಿಯಲ್ಲಿ ಏಳು ಜನರಿದ್ದು ಐದು ಸಹಿ ಸಾಕು. ಅಲ್ಲಿ ಇಬ್ಬರ ಗತಿ ಇದೇ. ಪ್ರತಿ ನೋಡ್ ಸಹಿಗೆ ಮುನ್ನ ತನ್ನ ಸರಪಳಿಯೊಂದಿಗೆ ತಾಳೆ ನೋಡಲಿ ಎನ್ನುವ ಪರಿಹಾರವೂ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಆ ಮೂರೂ ತಾಳೆ ನೋಡುವುದು ತಮ್ಮ ತಪ್ಪು ಸರಪಳಿಯೊಂದಿಗೇ.

ಎರಡು ರೆತ್, ಎರಡು ಗೆತ್ ಇದ್ದಿದ್ದರೆ? ಮೂರು ಸಹಿ ಕೂಡದೆ ಕ್ಲಸ್ಟರ್ ನಿಂತುಬಿಡುತ್ತಿತ್ತು. ಆ ಕ್ಷಣಕ್ಕೆ ಅದೇ ಸರಿಯಾದ ನಡೆ. ನಿಂತರೆ ಸಣ್ಣ ದಂಡ. ತಪ್ಪು ಸರಪಳಿಗೆ ಮತ ಹಾಕಿ ಸಿಕ್ಕಿಕೊಂಡರೆ ವಾಪಸು ಬರುವ ದಾರಿಯಲ್ಲಿ, ಪರಸ್ಪರ ವಿರುದ್ಧ ಮತಕ್ಕೆ ಠೇವಣಿ ಕತ್ತರಿಸುವ ಸ್ಲಾಷಿಂಗ್ ಕಾದಿರುತ್ತದೆ. ಆದರೆ ಟೆಸ್ಟ್‌ನೆಟ್‌ನಲ್ಲಿ ಆಪರೇಟರ್‌ಗಳನ್ನು ಅಳೆಯುವುದು ಎಷ್ಟು ಮತ ತಪ್ಪಿಸಿದರು ಎಂಬುದರಿಂದ. ಆ ಅಳತೆಯಲ್ಲಿ ನಿಂತ ಕ್ಲಸ್ಟರ್ ಅನುತ್ತೀರ್ಣ, ತಪ್ಪಿಗೆ ಓಡೋಡಿ ಸಹಿ ಹಾಕಿದ್ದು ಉತ್ತೀರ್ಣ.

ಇದಕ್ಕೆ ಬರುವ ಪ್ರತಿವಾದ ನನಗೆ ಗೊತ್ತು: ಟೆಸ್ಟ್‌ನೆಟ್ ಇರುವುದೇ ಮುರಿಯಲಿಕ್ಕೆ, ಹೋಲೆಸ್ಕಿ ತನ್ನ ಕೆಲಸ ಮಾಡಿತು, ಯಾರ ದುಡ್ಡೂ ಹೋಗಲಿಲ್ಲ. ಇದನ್ನು ಹೇಳುವವರು ಹೋಲೆಸ್ಕಿ ಚೇತರಿಸಿಕೊಂಡ ಬಗೆಯನ್ನು ನೋಡಿಲ್ಲ. ಸ್ಲಾಷಿಂಗ್ ತಡೆಯುವ ಕಾವಲನ್ನು ಬೇಕೆಂದೇ ತೆಗೆದಿಟ್ಟು, ಎಲ್ಲರೂ ಒಟ್ಟಿಗೆ ಸರಿಯಾದ ಸರಪಳಿಗೆ ಮರಳಿ ಎಂದು ಆಪರೇಟರ್‌ಗಳನ್ನು ಕೇಳಿಕೊಳ್ಳಲಾಯಿತು. ಬೆಲೆಯಿಲ್ಲದ ಈಥರ್ ಆದ್ದರಿಂದ ಒಪ್ಪಿದವರಿದ್ದರು. ಮೇನ್‌ನೆಟ್‌ನಲ್ಲಿ 32 ಈಥರ್ ಕಟ್ಟಿದವರಿಗೆ ಈ ಮಾತು ಹೇಳುವ ಧೈರ್ಯ ಯಾರಿಗಿದೆ? ಮುರಿಯುವುದರ ತಾಲೀಮು ಅಲ್ಲಿ ಆಯಿತು, ಒಪ್ಪುತ್ತೇನೆ. ರಿಪೇರಿಯ ತಾಲೀಮು ಆಗಲೇ ಇಲ್ಲ. ತಪ್ಪೆಲ್ಲ ಕ್ಲೈಂಟ್ ತಂಡಗಳದು, ಡಿವಿಟಿಗೆ ಸಂಬಂಧವಿಲ್ಲ ಎನ್ನುವ ಇನ್ನೊಂದು ಗುಂಪಿದೆ. ಹಾಗಾದರೆ ಡಿವಿಟಿಯನ್ನು ಮಾರುವಾಗ ಕ್ಲೈಂಟ್ ದೋಷದಿಂದಲೂ ರಕ್ಷಣೆ ಎಂಬ ಸಾಲನ್ನು ತೆಗೆದುಹಾಕಲಿ.

ಹೋಲೆಸ್ಕಿಯಲ್ಲಿ ವ್ಯಾಲಿಡೇಟರ್‌ಗಳು ಹೊರಹೋಗುವ ಸರದಿ ಸುಮಾರು ಒಂದು ವರ್ಷದಷ್ಟು ಉದ್ದ ಬೆಳೆದದ್ದರಿಂದ ಮಾರ್ಚ್ 17ಕ್ಕೆ ಹೊಸ ಟೆಸ್ಟ್‌ನೆಟ್ ಬಂತು. ಬೆಂಗಳೂರಿನ ನೇರಳೆ ಮಾರ್ಗದ ಹೂಡಿ ಮೆಟ್ರೋ ನಿಲ್ದಾಣದ ಹೆಸರೇ ಅದಕ್ಕೆ. ಮಾರ್ಚ್ 26ಕ್ಕೆ ಅಲ್ಲಿ ಪೆಕ್ಟ್ರಾ ಸುಸೂತ್ರವಾಗಿ ಇಳಿಯಿತು, ಮೇ 7ಕ್ಕೆ ಮೇನ್‌ನೆಟ್‌ಗೂ ಬಂತು, ಮುದ್ರೆಯ ಮಾನ ಉಳಿಯಿತು. ಆದರೆ ಅದೇ ವರ್ಷದ ಡಿಸೆಂಬರ್ 3ಕ್ಕೆ ಮೇನ್‌ನೆಟ್‌ನಲ್ಲಿ ಫುಸಾಕಾ ಅಪ್‌ಗ್ರೇಡ್. ಮಾರನೆಯ ದಿನವೇ ಪ್ರಿಸಂ ಕ್ಲೈಂಟ್ ಕುಸಿದು ವ್ಯಾಲಿಡೇಟರ್‌ಗಳ ಒಟ್ಟು ಹಾಜರಿ ನೂರಕ್ಕೆ ಎಪ್ಪತ್ತೈದರ ಆಸುಪಾಸಿಗೆ ಇಳಿಯಿತು. ಮೂರನೇ ಎರಡು ಭಾಗಕ್ಕಿಂತ ಕೆಳಗೆ ಹೋಗಿದ್ದರೆ ಫೈನಾಲಿಟಿ ಇರುತ್ತಿರಲಿಲ್ಲ. ದೋಷವಿದ್ದ ಆ ಕೋಡ್ ಸುಮಾರು ಒಂದು ತಿಂಗಳಿಂದ ಟೆಸ್ಟ್‌ನೆಟ್‌ಗಳಲ್ಲಿ ಓಡುತ್ತಿತ್ತು. ಅದನ್ನು ಕೆರಳಿಸುವ ಸಂದರ್ಭ ಅಲ್ಲಿ ಬಂದಿರಲಿಲ್ಲ.

ಮುಂದಿನ ಅಪ್‌ಗ್ರೇಡ್‌ಗೆ ಮುನ್ನ ಡಿವಿಟಿ ತಂಡಗಳು ಹೂಡಿಯಲ್ಲಿ ನಾಲ್ಕರ ಕ್ಲಸ್ಟರ್‌ಗಳನ್ನು ಕಟ್ಟಿ, ಮೂರು ನೋಡ್‌ಗಳಿಗೆ ಬೇಕೆಂದೇ ತಪ್ಪು ವಿಳಾಸ ಕೊಡಲಿ. ಕಾವಲನ್ನು ತೆಗೆಯದೆ ಎಷ್ಟು ಕ್ಲಸ್ಟರ್‌ಗಳು ಮರಳಿ ಬಂದವು, ಎಷ್ಟು ದಿನ ಹಿಡಿಯಿತು, ಒಂಟಿಯಾಗಿ ಸರಿ ಹೇಳಿದ ನಾಲ್ಕನೆಯ ನೋಡನ್ನು ಯಾವ ಆಪರೇಟರ್ ಗಮನಿಸಿದರು ಎಂಬುದನ್ನು ಪ್ರಕಟಿಸಲಿ. ಅಂಥ ವರದಿಯ ಕೆಳಗೆ ಬಿದ್ದ ಮುದ್ರೆಯನ್ನು ನಾನೂ ಒಪ್ಪುತ್ತೇನೆ.